ಜೈಲಿನ ಕಂತಿಗೆ ಬರೆದ ಟಿಪ್ಪಣಿ

ಜೈಲಿನ ಕಂತು ನನ್ನ ಕೈಗೆ ಬಂದದ್ದು ಒಂದು ಸೋಮವಾರ. ವಾರದ ಹೆಸರು ದಿನಚರಿಯಲ್ಲಿದೆ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ದಿನಚರಿಯಲ್ಲಿ ಇರುವುದು ಯಾವುದು, ನನ್ನ ತಲೆಯಲ್ಲಿ ಮಾತ್ರ ಇರುವುದು ಯಾವುದು ಎಂದು ಅಲ್ಲಲ್ಲಿ ಹೇಳುತ್ತಾ ಹೋಗುತ್ತೇನೆ. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ಕೆಲಸ ಇಷ್ಟು. ಪರದೇಶದ ಹಳೆಯ ಸೂಪರ್‌ಹೀರೋ ಸರಣಿಯೊಂದನ್ನು ಮೊಬೈಲಿನಲ್ಲಿ ನೋಡುವ ವಾಹಿನಿಯೊಂದು ಕೊಂಡುಕೊಂಡು ಕನ್ನಡಕ್ಕೆ ಡಬ್ ಮಾಡಿಸುತ್ತಿತ್ತು. ಸ್ಟುಡಿಯೋ ಸಂಜಯನಗರದಲ್ಲಿ, ಔಷಧಿ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ. ಡಬ್ಬಿಂಗ್ ನಿರ್ದೇಶಕ ನನ್ನ ಎಂ.ಎ. ಸಹಪಾಠಿ. ಸಂಭಾಷಣೆ ಬರೆಯುವವಳು ನಾನು. ಸರಣಿಯ ನಾಯಕ ಹಗಲಿನಲ್ಲಿ ಗಡಿಯಾರ ರಿಪೇರಿ ಮಾಡುವ ಸಾಧು ಮನುಷ್ಯ. ಬಿಳಿ ಮುಖವಾಡ ಹಾಕಿಕೊಂಡರೆ ಕಬ್ಬಿಣ ಬಗ್ಗಿಸುವ ವೀರ. ಈ ಕಂತಿನಲ್ಲಿ ಒಬ್ಬ ಜೈಲಿನ ಅಧಿಕಾರಿ ಕೈದಿಗಳನ್ನು ಹೊರಗೆ ಬಿಟ್ಟು ದರೋಡೆ ಮಾಡಿಸುತ್ತಿರುತ್ತಾನೆ. ಅದನ್ನು ಪತ್ತೆ ಮಾಡಲು ನಾಯಕ ಮುಖವಾಡ ಕಳಚಿಟ್ಟು ತಾನೇ ಕೈದಿಯಾಗಿ ಒಳಗೆ ಹೋಗುತ್ತಾನೆ. ಪಕ್ಕದ ಕೋಣೆಯ ಮುದುಕ ಕೈದಿ ಅವನಿಗೆ ಒಳಗೆ ದಿನ ಕಳೆಯುವ ರೀತಿ ಕಲಿಸುತ್ತಾನೆ. ಕೊನೆಯಲ್ಲಿ ಅಧಿಕಾರಿ ಸಿಕ್ಕಿಬೀಳುತ್ತಾನೆ, ನಾಯಕ ಹೊರಡುತ್ತಾನೆ, ಮುದುಕ ಅಲ್ಲೇ ಉಳಿಯುತ್ತಾನೆ. ಜೈಲಿನ ಸರಳುಗಳು ಮರದವು. ಯಾರಾದರೂ ಹಿಡಿದುಕೊಂಡರೆ ಅಲುಗಾಡುತ್ತವೆ.

ನಾವು ಬರೆಯುವುದು ಕಂಪ್ಯೂಟರಿನ ಹಾಳೆಯಲ್ಲಿ. ಐದು ಕಾಲಮ್ಮು: ಮಾತು ಶುರುವಾಗುವ ಕ್ಷಣ, ಪಾತ್ರ, ಮೂಲದ ಮಾತು, ಕನ್ನಡದ ಮಾತು, ಟಿಪ್ಪಣಿ. ಮುಖ ಹತ್ತಿರದಿಂದ ಕಾಣುವಾಗ ತುಟಿ ಮುಚ್ಚುವ ಜಾಗದಲ್ಲಿ ಪ, ಬ, ಮ ಅಕ್ಷರಗಳಲ್ಲಿ ಒಂದು ಬೀಳಲೇಬೇಕು. ಇಲ್ಲದಿದ್ದರೆ ನೋಡುವವರಿಗೆ ಏನೋ ಮೋಸವಾದಂತೆ ಅನಿಸುತ್ತದೆ. ವಾಹಿನಿಯ ಪರಿಶೀಲಕರು ಬೇರೆ ಊರಿನಲ್ಲಿದ್ದರು, ಅವರಿಗೆ ಕನ್ನಡ ಬಾರದು. ನಮ್ಮ ಕನ್ನಡವನ್ನು ಯಾರೋ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಅವರಿಗೆ ಕೊಡುತ್ತಿದ್ದರು. ಅದು ಮೂಲಕ್ಕಿಂತ ಎಲ್ಲಾದರೂ ಬೇರೆಯಾಗಿದ್ದರೆ ಕಾರಣವನ್ನು ಟಿಪ್ಪಣಿಯ ಕಾಲಮ್ಮಿನಲ್ಲಿ ಬರೆಯಬೇಕು. ಕಾರಣ ಸಾಲದಿದ್ದರೆ ಇಡೀ ಕಂತು ವಾಪಸು.

ಮುದುಕ ಕೈದಿಯ ದನಿಗೆ ನಿರ್ದೇಶಕ ಹೊಸಬರೊಬ್ಬರನ್ನು ಹುಡುಕಿದ್ದ. ‘ಯಲಹಂಕದ ಒಂದು ಕಾಲೇಜಲ್ಲಿ ಆಫೀಸ್ ಕೆಲಸ ಕಣೇ ಅವರಿಗೆ. ಗದಗದ ಕಡೆಯೋರು. ಸುಮ್ನೆ ಒಂದ್ಸಲ ದನಿ ಕೇಳು, ಬಾವಿ ಒಳಗಿಂದ ಮಾತಾಡ್ದಂಗಿರುತ್ತೆ’ ಎಂದಿದ್ದ. ಮಂಗಳವಾರ ಅವನಿಗೆ ಜ್ವರ ಬಂತು. ರೆಕಾರ್ಡಿಂಗ್ ನಡೆಸುವ ಕೆಲಸವೂ ನನ್ನ ಮೇಲೆ ಬಿತ್ತು.

ಬುಧವಾರ ಮುದುಕನ ದನಿಯ ಆ ಕಲಾವಿದರು ಬಂದರು. ಐವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಕೈಯಲ್ಲಿ ಊಟದ ಚೀಲ. ನಾನು ಎಷ್ಟು ಹೇಳಿದರೂ ಹೆಸರು ಹಿಡಿದು ಕರೆಯಲಿಲ್ಲ. ಅವರ ಕಡೆ ಶಿಕ್ಷಕಿಯರನ್ನು ಕರೆಯುವಂತೆ ‘ಅಕ್ಕಾರ’ ಎಂದರು. ಮೊದಲ ಸಾಲಿಗೇ ನಕ್ಕರು.

‘ತಾತ ಅಂತ ಬರದೀರಿ. ನಮ್ಮ ಕಡೆ ಅಜ್ಜ ಅಂತೀವ್ರಿ.’

‘ಎಲ್ಲಾ ಕಡೆಯವರಿಗೂ ಒಗ್ಗೋ ಕನ್ನಡ ಬೇಕಂತೆ ಸರ್.’

‘ಎಲ್ಲಾರಿಗೂ ಒಗ್ಗೂ ಕನ್ನಡ ಅಂದ್ರ ಬೆಂಗಳೂರಿಂದು ಅಂತ ತಿಳ್ಕೋಬೇಕೇನ್ರಿ?’

ಧ್ವನಿ ಇಂಜಿನಿಯರ್ ಗಾಜಿನ ಆಚೆಯಿಂದ, ‘ಸಿಕ್ಕಾಕೊಂಡ್ರಿ ಮೇಡಂ’ ಎಂದ.

ಕೈದಿಗಳನ್ನು ಎಣಿಸುವ ದೃಶ್ಯವೊಂದಿತ್ತು. ಚಿತ್ರದಲ್ಲಿ ಮುದುಕ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ನಾಯಕನ ಜೊತೆ ಪಿಸುಗುಡುತ್ತಾನೆ. ಎರಡು ಸಲ ನಿಂತು ಹೇಳಿದರು, ಹೊಂದಲಿಲ್ಲ. ಆಮೇಲೆ ಅವರೇ, ‘ಮೈಕ್ ಕೆಳಗ ಇಳಸ್ರಿ, ಕುಂತು ಮಾತಾಡ್ತೇನಿ’ ಎಂದರು. ಸ್ಟೂಲು ಸರಿಸಿ ನೆಲದ ಮೇಲೆ ಕೂತರು. ಹೊಟ್ಟೆ ಒತ್ತಿ ಬರುವ ದನಿ, ಬಾಯಿ ತೆರೆಯದೆ ಪಕ್ಕದವನಿಗೆ ಮಾತ್ರ ಕೇಳಿಸುವ ಮಾತು. ಒಂದೇ ಸಲಕ್ಕೆ ಆಯಿತು. ‘ಇಬ್ಬಿಬ್ಬರನ್ನ ಕುಂದರಸ್ತಾರ್ರಿ ಎಣಸಾಕ. ಒಬ್ಬೊಬ್ಬರ ನಿಂತ್ರ ಲೆಕ್ಕ ತಪ್ಪತೈತಿ’ ಎಂದು ಎದ್ದು ಮೊಣಕಾಲು ಉಜ್ಜಿಕೊಂಡರು. ನಾಟಕದಲ್ಲಿ ಮಾಡಿರಬಹುದು ಎಂದುಕೊಂಡೆ.

ಕೊನೆಯ ದೃಶ್ಯ. ನಾಯಕ ಗೇಟಿನ ಹತ್ತಿರ ತಿರುಗಿ ಮುದುಕನಿಗೆ ವಿದಾಯ ಹೇಳುತ್ತಾನೆ. ಮುಖ ಪರದೆಯ ತುಂಬ. ಮೂಲದ ಮಾತಿನಲ್ಲಿ ತುಟಿ ಒಮ್ಮೆ ಮುಚ್ಚುತ್ತದೆ. ನಾನು ‘ಬರ್ತೀನಿ ತಾತ’ ಎಂದು ಬರೆದಿದ್ದೆ, ನಾಯಕನ ದನಿಯ ಹುಡುಗ ಹಿಂದಿನ ದಿನವೇ ಹೇಳಿ ಹೋಗಿದ್ದ. ಅದನ್ನು ಕಿವಿಯಲ್ಲಿ ಕೇಳುತ್ತಾ ಇವರು ಉತ್ತರ ಹೇಳಬೇಕು. ಅವರು ಹೆಡ್‌ಫೋನ್ ತೆಗೆದರು.

‘ಇದು ತಪ್ಪೈತ್ರಿ ಅಕ್ಕಾರ.’

‘ಏನು ತಪ್ಪು?’

‘ಅಲ್ಲಿಂದ ಹೊಂಡೂವಾಗ ಬರ್ತೇನಿ ಅನ್ನಂಗಿಲ್ರಿ. ಯಾರೂ ಅನ್ನಂಗಿಲ್ಲ. ಬಾಯಿ ತಪ್ಪಿ ಅಂದ್ರ ಉಳದಾವ್ರು ಬಾಯಿ ಮುಚ್ಚತಾರ. ಹೊಂಟೆ ಅಂತಾರ, ಅಷ್ಟ.’

ನನಗೆ ನಾಚಿಕೆಯಾಯಿತು. ಮನೆಯಿಂದ ಹೊರಡುವಾಗ ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುವ ಭಾಷೆಯವಳು ನಾನು. ಆ ಮಾತು ಯಾವ ಬಾಗಿಲಲ್ಲಿ ಶಾಪವಾಗುತ್ತದೆ ಎಂದು ಯೋಚಿಸಿಯೇ ಇರಲಿಲ್ಲ.

ಮಧ್ಯಾಹ್ನ ಮುಖ್ಯರಸ್ತೆಯ ಚಹಾದಂಗಡಿಯಲ್ಲಿ, ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು. ಅವರು ಗ್ಲಾಸು ಹಿಡಿದುಕೊಂಡೇ ಹೇಳಿದರು. ಬಹಳ ವರ್ಷದ ಹಿಂದೆ ಊರಿನಲ್ಲಿ ದಾಯಾದಿಗಳ ಹೊಡೆದಾಟವೊಂದರಲ್ಲಿ ಇವರ ಹೆಸರೂ ಸೇರಿತು. ವಿಚಾರಣೆ ಮುಗಿಯುವ ತನಕ ಹನ್ನೊಂದು ತಿಂಗಳು ಒಳಗೆ. ಕೊನೆಗೆ ಖುಲಾಸೆ.

‘ಖುಲಾಸೆ ಅನ್ನೂ ಶಬ್ದ ಊರಾಗ ಯಾರಿಗೂ ನೆನಪಿರಂಗಿಲ್ರಿ. ಜೈಲು ಅನ್ನೂದು ಇರತೈತಿ. ಅದಕ್ಕ ಇಲ್ಲಿಗೆ ಬಂದೆ. ಕಾಲೇಜಿನ್ಯಾಗ ವರ್ಷಾ ವರ್ಷಾ ಸಹಿ ಹಾಕಿ ಮುಂದುವರಸ್ತಾರ. ಬ್ಯಾಟರಾಯನಪುರದಾಗ ಬಾಡಗಿ ಮನಿ. ಯಾರಿಗೂ ಗೊತ್ತಿಲ್ಲ. ನೀವೂ ಯಾರಿಗೂ ಅನಬ್ಯಾಡ್ರಿ ಮತ್ತ.’

ನಾನು ‘ಇಲ್ಲ’ ಎಂದೆ. ದಿನಚರಿಯಲ್ಲಿ ಆ ಒಂದು ಪದ ಉದ್ಧರಣ ಚಿಹ್ನೆಯೊಳಗಿದೆ.

ಸಂಜೆ ಹೊಸ ಸಾಲು ಹುಡುಕಿದೆ. ‘ಹೊರಟೆ’ಯಲ್ಲಿ ತುಟಿ ಮುಚ್ಚುವುದಿಲ್ಲ. ‘ಹೊರಟೆ ತಾತ’ ಆಗಲಿಲ್ಲ. ‘ಹೊರಟೆನಪ್ಪ’ ಎಂದು ಹೇಳಿ ನೋಡಿದಾಗ ಪ್ಪ, ‘ಬರ್ತೀನಿ’ಯ ಬಕಾರಕ್ಕಿಂತ ಸರಿಯಾಗಿ, ತುಟಿ ಮುಚ್ಚುವ ಜಾಗಕ್ಕೆ ಬಿತ್ತು. ಗುರುವಾರ ನಾಯಕನ ದನಿಯವನನ್ನು ಕರೆಸಿ ಹೇಳಿಸಿದೆ. ಇಂಜಿನಿಯರ್ ಮೂರು ಸಲ ಓಡಿಸಿ ನೋಡಿ, ‘ಮೂಲದವನೇ ಕನ್ನಡ ಮಾತಾಡ್ದಂಗಿದೆ ಮೇಡಂ’ ಎಂದ.

ಶುಕ್ರವಾರ ಪರಿಶೀಲಕರಿಂದ ಪ್ರಶ್ನೆ ಬಂತು. ಮೂಲದಲ್ಲಿ ತಂದೆ ಎಂಬ ಪದವಿಲ್ಲ. ಇವರಿಬ್ಬರು ಅಪ್ಪ ಮಗ ಅಲ್ಲ. ಸರಿಪಡಿಸಿ ಅಥವಾ ಕಾರಣ ಕೊಡಿ. ಕನ್ನಡದಲ್ಲಿ ಆ ‘ಅಪ್ಪ’ ತಂದೆಯಲ್ಲ ಎಂದು ಬರೆದೆ. ಹಾಗಾದರೆ ಅದನ್ನು ಬಿಟ್ಟು ಸಾಮಾನ್ಯವಾಗಿ ವಿದಾಯ ಹೇಳುವ ಮಾತು ಹಾಕಿ ಎಂದು ಉತ್ತರ. ಜೈಲಿನಿಂದ ಹೊರಡುವವರು ಆ ಮಾತು ಹೇಳುವುದಿಲ್ಲ ಎಂದು ಬರೆದೆ. ಆಧಾರ ಏನು ಎಂದು ಕೇಳಿದರು. ಐದು ಗಂಟೆಗೆ ಕಂತು ಒಪ್ಪಿಸಬೇಕಿತ್ತು. ಮೂರನೆಯ ಸಲ ಏನೋ ಬರೆದೆ, ಒಪ್ಪಿಗೆಯಾಯಿತು. ಏನು ಬರೆದೆ ಎಂದು ಮರುದಿನ ಯಾರಾದರೂ ಕೇಳಿದ್ದರೆ, ರೂಢಿಯನ್ನು ವಿವರಿಸಿದೆ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದೆ.

ಮೂರು ವಾರದ ನಂತರ ಬೆಳಿಗ್ಗೆ ಕಲಾವಿದರ ಫೋನು. ‘ಒಂದೀಟು ಸಿಗ್ತೀರೇನ್ರಿ?’ ಅವರು ಯಲಹಂಕದಿಂದ ಬರಬೇಕು, ನಾನು ಸಂಜಯನಗರದಿಂದ. ಹೆಬ್ಬಾಳದ ಬಸ್ ನಿಲ್ದಾಣದಲ್ಲಿ ಭೇಟಿಯಾದೆವು. ಫೋನು ನನ್ನ ಮುಖದ ಮುಂದೆ ಹಿಡಿದರು. ಜಾಹೀರಾತು. ಜೈಲಿನ ಮರದ ಸರಳು, ಕತ್ತಲು, ನೆಲಕ್ಕೆ ಕೂತು ಹೇಳಿದ ಆ ಪಿಸುಮಾತು. ಮೇಲೆ ದೊಡ್ಡ ಅಕ್ಷರದಲ್ಲಿ: ‘ಈ ದನಿ ನಿಜವಾಗಿಯೂ ಜೈಲು ಕಂಡಿದೆ.’ ಹೆಸರಿರಲಿಲ್ಲ.

ಹೆಸರಿನ ಅಗತ್ಯವೂ ಇರಲಿಲ್ಲ. ಕಾಲೇಜಿನ ಮೈಕಿನಲ್ಲಿ ಪ್ರಕಟಣೆಗಳನ್ನು ಓದುವವರು ಇವರೇ. ಅದು ನನಗೆ ಅಂದೇ ತಿಳಿದದ್ದು. ಪರೀಕ್ಷೆ ಶುಲ್ಕ ಕಟ್ಟಲು ಕೊನೆಯ ದಿನ, ಹಾಲ್ ಟಿಕೆಟ್ ಇಲ್ಲದವರು ಕಚೇರಿಗೆ ಬನ್ನಿ, ಎಲ್ಲವೂ ಈ ದನಿಯಲ್ಲೇ. ಒಂದು ಸಾವಿರ ಹುಡುಗರಿಗೆ ಪರಿಚಯವಿರುವ ದನಿ.

‘ಕೌಂಟರ್ ಮುಂದ ನಿಂತು ಹುಡುಗ್ರು ಇದನ್ನ ಹಚ್ಚಾಕತ್ಯಾರ್ರಿ. ಎಷ್ಟ್ ವರ್ಷ ಇದ್ರಿ ಸರ್, ಯಾರ್ನ ಎತ್ತಿದ್ರಿ ಸರ್, ಅಂತ. ಪ್ರಾಂಶುಪಾಲರು ಕರದು ಕೇಳಿದ್ರು. ಆ ದನಿ ನಂದಲ್ಲ ಅಂತ ಹೇಳೀನ್ರಿ. ಈ ತಿಂಗಳ ಕೊನೀಗೆ ಸಹಿ ಹಾಕ್ಬೇಕು ಅವರು. ಕಂತು ಪೂರ್ತಿ ಬಂದ್ರ ಸುಳ್ಳು ಹೇಳಿದೆ ಅನ್ನೂದೂ ಗೊತ್ತಾಗತೈತಿ.’

‘ಏನು ಮಾಡ್ಲಿ ಹೇಳಿ.’

‘ನನ್ನ ದನಿ ತಗೀರಿ ಅದರಾಗಿಂದ. ಬ್ಯಾರೆ ಯಾರನ್ನಾರ ಹಾಕ್ರಿ.’

ವಿಷಯ ಹೊರಗೆ ಬಿಟ್ಟದ್ದು ನಿರ್ದೇಶಕನೇ ಎಂದು ನಾನು ಹೇಳಿದೆ. ಅವನನ್ನು ಇಪ್ಪತ್ತು ವರ್ಷದಿಂದ ಬಲ್ಲೆ, ಹೀಗೆ ಮಾಡುತ್ತಾನೆ ಎಂದುಕೊಂಡಿರಲಿಲ್ಲ ಎಂದೆ. ಅವರು ತಲೆಯಾಡಿಸಿದರು. ಅವನಿಗೆ ಹೇಗೆ ತಿಳಿಯಿತು ಎಂದು ಕೇಳಲಿಲ್ಲ. ಕೇಳದಿದ್ದದ್ದು ನನಗೆ ಒಳಗೊಳಗೇ ಸಮಾಧಾನ. ಯಾಕೆಂದರೆ ನನ್ನ ತಲೆಯಲ್ಲಿ ಒಂದು ಚಿತ್ರ ಸ್ಪಷ್ಟವಾಗಿತ್ತು: ಅದೇ ಚಹಾದಂಗಡಿ, ಕೈಯಲ್ಲಿ ಗ್ಲಾಸು, ನಿರ್ದೇಶಕನಿಗೆ ನಂಬಿಕೆಯ ಮೇಲೆ ಹೇಳುತ್ತಿದ್ದೇನೆ, ‘ನನ್ನಲ್ಲೇ ಇರುತ್ತೆ ಬಿಡೇ’ ಎನ್ನುತ್ತಿದ್ದಾನೆ. ಒಬ್ಬ ಗೆಳೆಯನಿಗೆ ಹೇಳಿದ ತಪ್ಪು ನನ್ನದು, ಜಗತ್ತಿಗೆ ಮಾರಿದ ದ್ರೋಹ ಅವನದು. ಹೆಬ್ಬಾಳದಿಂದ ಸ್ಟುಡಿಯೋ ಮುಟ್ಟುವ ತನಕ ಆ ಲೆಕ್ಕವನ್ನೇ ಮಾಡುತ್ತಾ ಬಂದೆ. ಅವನ ಮದುವೆಯಲ್ಲಿ ಓಡಾಡಿದ್ದು, ಅವನ ಮೊದಲ ಕೆಲಸಕ್ಕೆ ಪುಕ್ಕಟೆಯಾಗಿ ಬರೆದುಕೊಟ್ಟದ್ದು, ಎಲ್ಲ ಸಾಲಾಗಿ ನೆನಪಾದವು. ಮೋಸ ಹೋದೆ ಎನಿಸಿದಾಗ ನೆನಪು ಇಷ್ಟು ಚುರುಕಾಗುತ್ತದೆ ಎಂದು ಗೊತ್ತಿರಲಿಲ್ಲ.

ಸ್ಟುಡಿಯೋದಲ್ಲಿ ಕೂಗಾಡಿದೆ. ಅವನು ಪೂರ್ತಿ ಕೇಳಿ, ‘ಯಾರು ಹೇಳಿದ್ದು ನಂಗೆ? ನೀನಾ?’ ಎಂದ.

‘ಮತ್ತಿನ್ಯಾರು? ಚಹಾದಂಗಡೀಲಿ.’

‘ಆ ವಾರ ಪೂರ್ತಿ ಗಂಗಾನಗರದಲ್ಲಿ ಡ್ರಿಪ್ ಹಾಕಿಸ್ಕೊಂಡು ಮಲಗಿದ್ದೆ ಕಣೇ ನಾನು. ನೀನೇ ಎಳನೀರು ತಂದ್ಕೊಟ್ಟೆ, ಅರ್ಧ ನೀನೇ ಕುಡ್ದೆ.’

ಆಮೇಲೆ ಕಂಪ್ಯೂಟರಿನಲ್ಲಿ ಹಾಳೆ ತೆರೆದು ನನ್ನ ಕಡೆ ತಿರುಗಿಸಿದ. ಕೊನೆಯ ದೃಶ್ಯ, ಐದನೆಯ ಕಾಲಮ್ಮು. ಇಂಗ್ಲಿಷಿನಲ್ಲಿ, ನನ್ನ ಹೆಸರಿನಡಿಯಲ್ಲಿ, ಶುಕ್ರವಾರ ಸಂಜೆ ನಾಲ್ಕೂ ಹತ್ತಕ್ಕೆ: ಮುದುಕನ ದನಿ ಕೊಟ್ಟ ಕಲಾವಿದರು ಸ್ವತಃ ಹನ್ನೊಂದು ತಿಂಗಳು ಜೈಲಿನಲ್ಲಿದ್ದವರು, ಈ ರೂಢಿಯನ್ನು ಅವರೇ ಖಚಿತಪಡಿಸಿದ್ದಾರೆ.

ನಾನು ಅದನ್ನು ನಾಲ್ಕೈದು ಸಲ ಓದಿದೆ. ಬರೆದ ನೆನಪು ಬರಲಿಲ್ಲ. ವಾಕ್ಯ ಮಾತ್ರ ನನ್ನದೇ. ‘ಸ್ವತಃ’ ಎಂಬರ್ಥದ ಆ ಪದವನ್ನು ನಾನು ಎಲ್ಲ ಕಡೆ ಹಾಕುತ್ತೇನೆ. ಮನೆಗೆ ಹೋಗಿ ದಿನಚರಿ ನೋಡಿದೆ. ಚಹಾದಂಗಡಿ ಬುಧವಾರದ ಪುಟದಲ್ಲಿದೆ, ಎದುರಿಗಿದ್ದವರು ಕಲಾವಿದರು. ನಿರ್ದೇಶಕನ ಬಗ್ಗೆ ಆ ವಾರ ಇರುವುದು ಜ್ವರ ಮಾತ್ರ. ಅಂಗಡಿ ನಿಜ, ಗ್ಲಾಸು ನಿಜ. ಮುಖವೊಂದನ್ನು ತೆಗೆದು ಇನ್ನೊಂದನ್ನು ಕೂರಿಸಿದ್ದೆ. ಯಾವಾಗ ಕೂರಿಸಿದೆ? ಜಾಹೀರಾತು ಕೇಳಿದ ಮೇಲೆಯೇ ಇರಬೇಕು, ಅಲ್ಲಿಯೇ, ಬಸ್ಸುಗಳ ಸದ್ದಿನ ನಡುವೆ. ಖಚಿತವಿಲ್ಲ.

ನಿರ್ದೇಶಕನೂ ಪೂರ್ತಿ ನಿರಪರಾಧಿಯಲ್ಲ. ವಾಹಿನಿಯ ಪ್ರಚಾರದವರು ಆ ಟಿಪ್ಪಣಿ ಓದಿ ಅವನನ್ನು ಕೇಳಿದ್ದರು. ಹೆಸರು ಹಾಕದಿದ್ದರೆ ಪರವಾಗಿಲ್ಲ ಎಂದು ಒಪ್ಪಿದ್ದ.

‘ನೀನು ಬರ್ದಿದ್ದೀಯ ಅಂದ್ರೆ ಅವರನ್ನ ಕೇಳೇ ಬರ್ದಿರ್ತೀಯ ಅಂದ್ಕೊಂಡೆ.’

‘ಅವರಿಗೆ ಒಂದು ಫೋನ್ ಮಾಡ್ಬಹುದಿತ್ತು.’

‘ನೀನೂ ಮಾಡ್ಬಹುದಿತ್ತಲ್ವಾ’ ಎಂದ. ಕೂಗಾಡಿದ್ದಕ್ಕೆ ಅವನಿಗೂ ಸಿಟ್ಟು ಬಂದಿತ್ತು. ಸಿಟ್ಟು ಬಂದರೆ ಅವನ ಮಾತು ಅವರ ಮನೆಯ ಹಳೆಯ ಹಳ್ಳಿ ಮಾತಾಗುತ್ತದೆ. ‘ಅಂಗಲ್ಲ ಕಣೇ, ಇಪ್ಪತ್ತು ವರ್ಷದಲ್ಲಿ ಇಂಗಾ ನೀನು ನನ್ನ ನೋಡಿದ್ದು?’

 

ಜಾಹೀರಾತು ತೆಗೆಯಿರಿ ಎಂದು ವಾಹಿನಿಗೆ ಬರೆದೆವು. ಒಪ್ಪಿಗೆಯಾದದ್ದನ್ನು ತೆಗೆಯಲು ಆಗುವುದಿಲ್ಲ ಎಂದರು. ಕಲಾವಿದರಿಗೆ ತೊಂದರೆ ಎಂದು ಬರೆಯೋಣವೆಂದರೆ, ಆ ದನಿ ಅವರದೇ ಎಂದು ಇನ್ನೊಂದು ಕಡತದಲ್ಲಿ ಸಾಬೀತಾಗುತ್ತದೆ. ಎರಡು ದಿನ ಹೀಗೆ ಹೋಯಿತು. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು. ಪ್ರಚಾರದವರ ನಿಯಮಾವಳಿಯನ್ನು ಓದುತ್ತಿದ್ದ ನಿರ್ದೇಶಕ ಒಂದು ಸಾಲು ತೋರಿಸಿದ: ಜಾಹೀರಾತಿನ ಹೇಳಿಕೆ ಸುಳ್ಳೆಂದು ತಿಳಿದರೆ ಕೂಡಲೇ ಹಿಂತೆಗೆಯಬೇಕು.



ಅದೇ ಹಾಳೆ ತೆರೆದು, ಅದೇ ಕಾಲಮ್ಮಿನಲ್ಲಿ, ಹಿಂದಿನ ಟಿಪ್ಪಣಿಯ ಕೆಳಗೆ ಬರೆದೆ: ಮೇಲಿನ ಮಾಹಿತಿ ಸುಳ್ಳು. ಯಾವ ಕಲಾವಿದರೂ ಹೀಗೆ ಹೇಳಿಲ್ಲ. ಸಾಲು ಒಪ್ಪಿಗೆಯಾಗಲಿ ಎಂದು ಆಧಾರವನ್ನು ನಾನೇ ಕಟ್ಟಿದೆ.

‘ನಿನ್ನ ತೆಗೆದುಬಿಡ್ತಾರೆ’ ಎಂದ ನಿರ್ದೇಶಕ.

‘ಗೊತ್ತು.’

‘ಇನ್ನು ಯಾರೂ ನಿನ್ನ ಟಿಪ್ಪಣಿ ನಂಬಲ್ಲ.’

ಒಂದು ಪದ ಸರಿಯೋ ತಪ್ಪೋ ಎಂದು ಮೂರು ನಿಘಂಟು ನೋಡುವವಳು ನಾನು.  ಕಳುಹಿಸುವ ಗುಂಡಿ ಒತ್ತಿದೆ.

ಸಂಜೆಗೆ ಜಾಹೀರಾತನ್ನು ತೆಗೆದರು. ಮರುದಿನ ನನ್ನನ್ನು ಸರಣಿಯಿಂದ ಬಿಡುಗಡೆ ಮಾಡಿದ ಪತ್ರ ಬಂತು. ನಾನು ಬದಲಿಸಿದ ಸಾಲುಗಳನ್ನೆಲ್ಲ ಮೂಲಕ್ಕೆ ಹತ್ತಿರ ತರಬೇಕೆಂಬ ಸೂಚನೆಯೂ ಅದರಲ್ಲಿತ್ತು. ‘ಬರ್ತೀನಿ ತಾತ’ ವಾಪಸು ಬಂತು. ದನಿಯ ಉಚ್ಚಾರ ಸರಣಿಗೆ ಹೊಂದುತ್ತಿಲ್ಲ ಎಂಬ ನೆಪ ಕೊಟ್ಟು ನಿರ್ದೇಶಕ ಮುದುಕನ ಪಾತ್ರವನ್ನು ತಾನೇ ಮರುಡಬ್ ಮಾಡಿದ. ಅವನೂ ನೆಲದ ಮೇಲೆ ಕೂತು ನೋಡಿದ. ಹನ್ನೆರಡು ಸಲ ಹೇಳಿದರೂ ಕೂತವನ ದನಿ ಬರಲಿಲ್ಲ. ಕಷ್ಟಪಟ್ಟು ಕೂತ ಸಿನಿಮಾದವನ ದನಿ ಬಂತು. ನಾನು ಹೊರಗೆ ಮೆಟ್ಟಿಲ ಮೇಲಿದ್ದೆ. ಹಳೆಯ ಟ್ರ್ಯಾಕ್ ಅಳಿಸುವ ಮುಂಚೆ ಇಂಜಿನಿಯರ್ ಬಾಗಿಲು ತೆರೆದು, ‘ಕೇಳ್ತೀರಾ ಒಂದ್ಸಲ?’ ಎಂದ. ಬೇಡವೆಂದೆ. ಕೇಳಿದ್ದರೆ ಒಂದು ಪ್ರತಿ ಇಟ್ಟುಕೊಳ್ಳುತ್ತಿದ್ದೆ.

ಕಂತು ಬಂತು. ಯಾರೂ ಏನೂ ಅನ್ನಲಿಲ್ಲ. ಹುಡುಗರು ದನಿ ಬೇರೆ ಎಂದು ಒಪ್ಪಿಕೊಂಡು ಬೇರೆ ಮೋಜಿಗೆ ಹೋದರಂತೆ. ಪ್ರಾಂಶುಪಾಲರು ಸಹಿ ಹಾಕಿದರಂತೆ. ಇದನ್ನೆಲ್ಲ ಕಲಾವಿದರೇ ಚುಟುಕಾಗಿ ಫೋನಿನಲ್ಲಿ ತಿಳಿಸಿದರು. ‘ಭಾಳ ಉಪಕಾರ ಆತ್ರಿ ಅಕ್ಕಾರ’ ಎಂದೂ ಸೇರಿಸಿದರು.  ಮುಂದಿನ ಸೋಮವಾರ ಯಲಹಂಕಕ್ಕೆ ಹೋದೆ.

ಊಟದ ಹೊತ್ತು. ಕಾಲೇಜಿನ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಅವರು ಡಬ್ಬಿ ಬಿಚ್ಚಿದ್ದರು. ನನ್ನನ್ನು ನೋಡಿ ರೊಟ್ಟಿಯ ಅರ್ಧ ಮುರಿದು ಮುಚ್ಚಳದಲ್ಲಿಟ್ಟು ನನ್ನ ಕಡೆ ಸರಿಸಿದರು. ನಾನು ತಯಾರಿ ಮಾಡಿಕೊಂಡು ಹೋಗಿದ್ದೆ. ನಿರ್ದೇಶಕನ ತಪ್ಪು ಕಡಿಮೆ, ಟಿಪ್ಪಣಿ ಬರೆದವಳು ನಾನು, ಬರೆದದ್ದು ನನಗೆ ನೆನಪಿರಲಿಲ್ಲ ಎಂಬುದು ನಿಜ, ಆದರೆ ಅದರಿಂದ ನನ್ನ ತಪ್ಪು ಹಗುರಾಗುವುದಿಲ್ಲ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಅವರು ಊಟ ನಿಲ್ಲಿಸಲಿಲ್ಲ. ‘ಗೊತ್ತೈತ್ರಿ’ ಎಂದರು. ‘ನಾ ಹೇಳಿದ್ದು ನಿಮಗೊಬ್ಬರಿಗೇ ಅಲ್ಲೇನ್ರಿ.’

ಹಾಗಾದರೆ ಹೆಬ್ಬಾಳದಲ್ಲಿ ನಾನು ನಿರ್ದೇಶಕನ ಮೇಲೆ ಹೊರಿಸಿದಾಗಲೂ ನಿಮಗೆ ಗೊತ್ತಿತ್ತೇ ಎಂದು ಕೇಳಿದೆ.

‘ಆವತ್ತ ನೀವಾಗೇ ಹೇಳ್ತೀರೇನೋ ಅಂತ,’ ಡಬ್ಬಿಯ ಅಂಚಿನಲ್ಲಿದ್ದ ಚಟ್ನಿಪುಡಿಯನ್ನು ಬೆರಳಿನಿಂದ ಒಟ್ಟು ಮಾಡುತ್ತಾ ಅವರು ಹೇಳಿದರು, ‘ಎರಡು ಬಸ್ ಬಿಟ್ಟೆನ್ರಿ.’